ಸೊಂಟದ ಕೀಲುಗಳು ಎರಡು. ಶಸ್ತ್ರಕ್ರಿಯೆ ಒಂದೋ ಎರಡೋ?

ಹೋದ ವರ್ಷ ಆಟಿ ತಿಂಗಳಿನ ಒಂದು ಸಾಯಂಕಾಲ, ಬಿಜೈಯಲ್ಲಿರುವ ನಮ್ಮ ಅಕ್ಕನ ಮನೆಯ ಜಗಲಿಯಲ್ಲಿ ಒಂದು ಸಣ್ಣ ಸಭೆ ಕೂಡಿತ್ತು. ಹೊರಗೆ ಜಡಿಮಳೆ, ಒಳಗೆ ಹಲಸಿನ ಹಪ್ಪಳ ಮತ್ತು ಚಹಾ. ಸಭೆಯ ವಿಷಯವು ಅಕ್ಕನ ಸೊಂಟದ ಕೀಲುಗಳು. ಎರಡೂ ಸವೆದುಹೋಗಿವೆಯೆಂದೂ ಎರಡನ್ನೂ ತೆಗೆದು ಕೃತಕ ಕೀಲುಗಳನ್ನಿಡಬೇಕಾದೀತೆಂದೂ ಶಸ್ತ್ರವೈದ್ಯರು ಹೇಳಿದ್ದರು. ಅಕ್ಕನಿಗೆ ಆಗ ೬೮ ವರ್ಷ, ಭಾವನವರಿಗೆ ೭೫. ಮನೆಯಲ್ಲಿ ಅವರಿಬ್ಬರೇ. ಒಬ್ಬನೇ ಮಗನು ಮಸ್ಕತ್ತಿನಲ್ಲಿ ಉದ್ಯೋಗದಲ್ಲಿರುವನು. ಅವನಿಗೆ ಚೌತಿಯ ಹೊತ್ತಿಗೆ ೩೦ ದಿನಗಳ ರಜೆ ದೊರೆಯುವುದಿತ್ತು. ಅವನು ಫೋನಿನಲ್ಲಿಯೇ ಸಭೆಗೆ ಹಾಜರಾಗಿ, "ಎರಡನ್ನೂ ಒಮ್ಮೆಲೇ ಮಾಡಿಸಿಬಿಡುವ, ಮಾವ. ನಾನಿರುವಾಗಲೇ ಎಲ್ಲ ಮುಗಿದುಹೋಗಲಿ" ಎಂದನು.

ಭಾವನವರ ಅಣ್ಣನು ಇದಕ್ಕೆ ತಲೆದೂಗಿದರು. "ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ಒಂದೇ ಚಪ್ಪರದಲ್ಲಿ ಮುಗಿಸಿದ ಹಾಗೆ. ಖರ್ಚೂ ಒಂದೇ, ಗಡಿಬಿಡಿಯೂ ಒಂದೇ" ಎಂದು ಅವರು ಅಪ್ಪಣೆ ಕೊಡಿಸಿದ ಮೇಲೆ ಮಾತು ಮುಗಿದಂತೆಯೇ ಎಲ್ಲರಿಗೂ ತೋರಿತು. ಅಕ್ಕನು ಆರಾಮಕುರ್ಚಿಯಲ್ಲಿ ಕುಳಿತು ಹಪ್ಪಳದ ತಟ್ಟೆಯನ್ನು ನೋಡುತ್ತಿದ್ದಳು. ಆಕೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಈ ತಿಂಗಳು ಈ ವಿಷಯವನ್ನೆತ್ತಿಕೊಂಡಿರುವುದು ವೈದ್ಯನ ಅಧಿಕಾರದಿಂದಲ್ಲ. ನಾನು ವೈದ್ಯನಲ್ಲ. ಆದರೆ ನನ್ನ ಬಂಧುಗಳಲ್ಲಿ ಒಬ್ಬರಿಗೆ ಎರಡು ಕೀಲುಗಳನ್ನೂ ಒಂದೇ ದಿನ ಇಟ್ಟದ್ದನ್ನು ಕಂಡಿದ್ದೇನೆ. ಇನ್ನೊಬ್ಬರಿಗೆ ತಿಂಗಳುಗಳ ಅಂತರದಲ್ಲಿ ಒಂದೊಂದಾಗಿ ಇಟ್ಟದ್ದನ್ನೂ ಕಂಡಿದ್ದೇನೆ. ಎರಡೂ ಸಲ ಆಸ್ಪತ್ರೆಯ ಬೆಂಚಿನ ಮೇಲೆ ಕಾದವನು ನಾನು. ಇಂತಹ ಪ್ರಶ್ನೆಯು ಇಂದು ನಮ್ಮ ಊರಿನ ಅನೇಕ ಮನೆಗಳಿಗೆ ಬರುತ್ತಲಿರುವುದರಿಂದ, ಕಂಡುದನ್ನೂ ಕೇಳಿ ತಿಳಿದುದನ್ನೂ ವಾಚಕರ ಮುಂದಿಡುವುದು ತಪ್ಪಾಗಲಾರದು.

ಮೊದಲು ಶಬ್ದದ ತೊಡಕೊಂದನ್ನು ಬಿಡಿಸಬೇಕು. ನಮ್ಮಲ್ಲಿ "ಸೊಂಟ ನೋವು" ಎಂದರೆ ಬೆನ್ನಿನ ಕೆಳಭಾಗದ ನೋವೆಂದೇ ಅರ್ಥ. ಇಲ್ಲಿ ಹೇಳುವ ಸೊಂಟದ ಕೀಲು ಅದಲ್ಲ. ತೊಡೆಯೆಲುಬಿನ ಮೇಲ್ತುದಿಯಲ್ಲಿರುವ ಗುಂಡು, ಕಟಿಯ ಎಲುಬಿನಲ್ಲಿರುವ ಬಟ್ಟಲಿನಂತಹ ಗುಳಿಯೊಳಗೆ ಕುಳಿತು ತಿರುಗುವ ಸ್ಥಾನವದು. ಅದು ಕೆಟ್ಟಾಗ ನೋವು ಹೆಚ್ಚಾಗಿ ತೊಡೆಯ ಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಎಷ್ಟೋ ವೇಳೆ ಮೊಣಕಾಲಿಗೆ ಇಳಿಯುತ್ತದೆ. ಅಕ್ಕನ ವಿಷಯದಲ್ಲಿ ಆದದ್ದೂ ಇದೇ. ಎರಡು ವರ್ಷಗಳ ಕಾಲ ಆಕೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದೇನು, ಪಟ್ಟಿ ಕಟ್ಟಿದ್ದೇನು, ಮೊಣಕಾಲಿನ ಚಿತ್ರವನ್ನೇ ಮೂರು ಸಲ ತೆಗೆಸಿದ್ದೇನು! ಕೊನೆಗೆ ಒಬ್ಬ ತರುಣ ವೈದ್ಯರು ಆಕೆಯನ್ನು ಮಲಗಿಸಿ ತೊಡೆಯನ್ನು ಒಳಕ್ಕೆ ತಿರುಗಿಸಿ ನೋಡಿದಾಗ ಆಕೆ ಕೂಗಿಕೊಂಡಳು. ಆ ದಿನ ಕಳ್ಳನು ಸಿಕ್ಕಿದನು. ಕಾಲುಗುರು ಕತ್ತರಿಸಿಕೊಳ್ಳಲು ಬಗ್ಗಲಾಗದಿರುವುದು, ಮಣೆಯಿಂದ ಏಳಲಾಗದಿರುವುದು, ಆಟೋರಿಕ್ಷಾದೊಳಗೆ ಕಾಲನ್ನು ಕೈಯಿಂದ ಎತ್ತಿ ಇಡಬೇಕಾಗುವುದು, ಇವು ಮನೆಯವರೇ ಗುರುತಿಸಬಹುದಾದ ಲಕ್ಷಣಗಳು.

ನಮ್ಮ ಅಜ್ಜಿಯ ಕಾಲದಲ್ಲಿ ಮಂಗಳೂರಿನಲ್ಲಿ ಆಸ್ಪತ್ರೆಗಳಿಗೇನೂ ಕೊರತೆಯಿರಲಿಲ್ಲ. ವೆನ್ಲಾಕ್ ಆಸ್ಪತ್ರೆಯು ೧೮೪೮ರದು. ಕಂಕನಾಡಿಯಲ್ಲಿ ಫಾದರ್ ಮುಲ್ಲರರು ಬಡವರಿಗಾಗಿ ಔಷಧಾಲಯವನ್ನು ತೆರೆದದ್ದು ೧೮೮೦ರಲ್ಲಿ. ಆದರೆ ಅಜ್ಜಿಯು ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಕೀಲನ್ನು ಮುರಿದುಕೊಂಡಾಗ, ಚಾವಡಿಯ ಮೂಲೆಯಲ್ಲಿ ನಾಲ್ಕು ತಿಂಗಳು ಮಲಗಿದ್ದು ತೀರಿಕೊಂಡಳು. ಇಡಲಿಕ್ಕೆ ಕೀಲೇ ಇರಲಿಲ್ಲ. ಜರ್ಮನಿಯಲ್ಲಿ ಗ್ಲುಕ್ ಎಂಬವರು ೧೮೯೧ರಷ್ಟು ಹಿಂದೆಯೇ ಆನೆದಂತದ ಕೀಲನ್ನು ಪ್ರಯತ್ನಿಸಿದ್ದರಂತೆ. ನೆಚ್ಚಬಹುದಾದ ಕೀಲು ಬಂದದ್ದು ಮಾತ್ರ ೧೯೬೨ರ ನವೆಂಬರಿನಲ್ಲಿ, ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿಯವರ ಕೈಯಿಂದ. ಉಕ್ಕಿನ ಸಣ್ಣ ಗುಂಡು, ಪಾಲಿಥಿನ್ ಜಾತಿಯ ಗಟ್ಟಿ ಬಟ್ಟಲು, ಅವೆರಡನ್ನು ಎಲುಬಿಗೆ ಹಿಡಿದು ನಿಲ್ಲಿಸುವ ಒಂದು ಬಗೆಯ ಸಿಮೆಂಟು. ಅದಕ್ಕೆ ಮೊದಲು ಅವರು ಟೆಫ್ಲಾನಿನ ಬಟ್ಟಲನ್ನು ಸುಮಾರು ೩೦೦ ರೋಗಿಗಳಿಗೆ ಇಟ್ಟಿದ್ದರು. ಅವು ಕೆಲವೇ ವರ್ಷಗಳಲ್ಲಿ ಸವೆದು ಪುಡಿಯಾದುವು. ಆ ಮೇಲೆ ಹೊಸ ವಸ್ತುವನ್ನು ರೋಗಿಗಳ ಮೈಯಲ್ಲಿಡುವ ಮುಂಚೆ ತಮ್ಮ ತೊಡೆಯಲ್ಲಿಯೇ ಅದರ ಚೂರನ್ನು ಇರಿಸಿಕೊಂಡು ಪರೀಕ್ಷಿಸಿದರಂತೆ. ಇಂದು ಗುಂಡನ್ನು ಪಿಂಗಾಣಿಯಂತಹ ವಸ್ತುವಿನಿಂದಲೂ ಮಾಡುವರು; ಸಿಮೆಂಟಿಲ್ಲದೆ ಎಲುಬೇ ಬೆಳೆದು ಹಿಡಿಯುವಂತಹ ಕೀಲುಗಳೂ ಬಂದಿವೆ. ಮೂಲದ ಯೋಚನೆಯು ಚಾರ್ನ್ಲಿಯವರದೇ.

ಎರಡು ಕಡೆಯ ಕೀಲುಗಳೂ ಒಟ್ಟಿಗೇ ಕೆಡುವುದು ಯಾರಿಗೆ? ಮುಪ್ಪಿನ ಸವೆತವು ಒಂದು ಕಾರಣ. ಬೆನ್ನೆಲುಬನ್ನೇ ಬಿದಿರುಗಳದಂತೆ ಬಿಗಿಗೊಳಿಸುವ ಒಂದು ಬಗೆಯ ಸಂಧಿವಾತವುಂಟು. ಅದು ತರುಣರಲ್ಲಿ ಆರಂಭವಾಗಿ ಎರಡು ಕೀಲುಗಳನ್ನೂ ಹಿಡಿಯುತ್ತದೆ. ಇವೆರಡಕ್ಕಿಂತಲೂ ನಮ್ಮ ದೇಶದ ಯುವಕರಲ್ಲಿ ಹೆಚ್ಚಾಗಿ ಕಾಣುವುದು, ತೊಡೆಯೆಲುಬಿನ ಗುಂಡಿಗೆ ರಕ್ತ ನಿಂತುಹೋಗಿ ಅದು ಒಳಗಿಂದೊಳಗೇ ಸತ್ತು ಕುಸಿಯುವ ರೋಗ. ಮದ್ಯಪಾನವೂ ಸ್ಟಿರಾಯ್ಡು ಔಷಧಗಳೂ ಇದಕ್ಕೆ ಮುಖ್ಯ ಕಾರಣಗಳು. ಒಂದು ಕಡೆ ಬಂದವರಲ್ಲಿ ಬಹುಮಂದಿಗೆ ಇನ್ನೊಂದು ಕಡೆಯೂ ಬರುತ್ತದೆ.

ಇನ್ನು ಘಟ್ಟದ ಮೇಲೆ, ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡು ಎಂಬ ಹಳ್ಳಿಯ ಸಂಗತಿಯನ್ನು ನೆನೆಯದೆ ಈ ಮಾತನ್ನು ಬಿಡಲಾಗದು. ಅಲ್ಲಿಯ ಬಡ ಕೂಲಿಕಾರರ ಮನೆಗಳಲ್ಲಿ ಎಳೆಯರೂ ಪ್ರಾಯದವರೂ ಸೊಂಟದ ಕೀಲು, ಮೊಣಕಾಲುಗಳ ನೋವಿನಿಂದ ಬಾಗಿ, ಕುಗ್ಗಿ, ಕೊನೆಗೆ ತೆವಳಿಕೊಂಡು ಹೋಗುವಂತಾಗಿದ್ದುದು ೧೯೭೫ರ ಸುಮಾರಿಗೆ ಹೊರಗಿನವರ ಗಮನಕ್ಕೆ ಬಂದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದು ಪರೀಕ್ಷಿಸಿದರು. ಗದ್ದೆಗೆ ಹೊಡೆದ ಕೀಟನಾಶಕವು ಏಡಿಗಳ ಮೂಲಕ ಹೊಟ್ಟೆಗೆ ಸೇರಿ ಹೀಗಾಯಿತೆಂದು ಮೊದಲು ಶಂಕೆಯಿತ್ತು. ಅದು ವಂಶದಲ್ಲಿ ಇಳಿದುಬರುವ ಎಲುಬಿನ ದೋಷವೆಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಬಂತು. ಹಂದಿಗೋಡು ರೋಗವೆಂದೇ ಅದಕ್ಕೆ ಹೆಸರು ನಿಂತಿತು. ಆ ಜನರಿಗೆ ಎರಡು ಕೀಲುಗಳೂ ಹೋಗಿದ್ದುವು. ದಿನಗೂಲಿಯೂ ಅದರೊಂದಿಗೇ ಹೋಯಿತು. ಒಮ್ಮೆಲೇ ಮಾಡಿಸೋಣವೇ ಬೇರೆಬೇರೆಯಾಗಿಯೇ ಎಂದು ಜಗಲಿಯಲ್ಲಿ ಕುಳಿತು ಚರ್ಚಿಸುವ ನಾವು ಎಷ್ಟರ ಮಟ್ಟಿಗೆ ಭಾಗ್ಯಶಾಲಿಗಳೆಂಬುದು ನನಗೆ ಹಂದಿಗೋಡಿನ ಚಿತ್ರಗಳನ್ನು ನೋಡಿದಾಗ ಹೊಳೆಯಿತು.

ಈಗ ನಮ್ಮ ಬಂಧುಗಳ ವಿಷಯಕ್ಕೆ ಬರುವೆನು.

ನನ್ನ ಷಡ್ಡಕರ ಮಗನು ಸುರತ್ಕಲ್ಲಿನಲ್ಲಿರುವವನು. ಚರ್ಮದ ವ್ಯಾಧಿಯೊಂದಕ್ಕಾಗಿ ಕೆಲವು ತಿಂಗಳು ಸ್ಟಿರಾಯ್ಡು ಮಾತ್ರೆಗಳನ್ನು ತಿಂದಿದ್ದನು. ೩೬ರ ಪ್ರಾಯದಲ್ಲಿ ಅವನ ಎರಡು ಗುಂಡುಗಳೂ ಕುಸಿದುವು. ಗಟ್ಟಿಮುಟ್ಟಾದ ಆಳು, ಹೃದಯ, ಶ್ವಾಸಕೋಶ, ಮೂತ್ರಪಿಂಡ ಎಲ್ಲವೂ ಸರಿ, ರಕ್ತವೂ ಸಾಕಷ್ಟು. ಶಸ್ತ್ರವೈದ್ಯರು ತಾವಾಗಿಯೇ "ಎರಡನ್ನೂ ಒಮ್ಮೆಲೇ ಇಡುವ" ಎಂದರು. ಇದು ಹೊಸ ಸಾಹಸವೇನೂ ಅಲ್ಲ. ಚಾರ್ನ್ಲಿಯವರೇ ಜಾಫೆ ಎಂಬವರೊಡನೆ ೧೯೭೧ರಲ್ಲಿ, ಎರಡು ಕೀಲುಗಳನ್ನೂ ಒಂದೇ ಶಸ್ತ್ರಕ್ರಿಯೆಯಲ್ಲಿ ಇಟ್ಟ ೫೦ ರೋಗಿಗಳ ವರದಿಯನ್ನು ಪ್ರಕಟಿಸಿದ್ದರು.

ಅದರ ಕ್ರಮವನ್ನು ವೈದ್ಯರು ನಮಗೆ ಮೊದಲೇ ಬಿಡಿಸಿ ಹೇಳಿದ್ದರು. ಹೆಚ್ಚು ನೋಯುವ ಕಡೆಯನ್ನು ಮೊದಲು ಮಾಡುವುದು. ಅದು ಮುಗಿದೊಡನೆ ಅರಿವಳಿಕೆಯ ವೈದ್ಯರು ರಕ್ತದೊತ್ತಡವನ್ನೂ ಉಸಿರನ್ನೂ ನೋಡಿ ಒಪ್ಪಿಗೆ ಕೊಟ್ಟರೆ ಮಾತ್ರ ರೋಗಿಯನ್ನು ಮಗ್ಗುಲು ಬದಲಾಯಿಸಿ ಎರಡನೆಯದಕ್ಕೆ ಕೈಹಾಕುವುದು. ಇಲ್ಲವಾದರೆ ಅಲ್ಲಿಗೇ ನಿಲ್ಲಿಸುವುದು. (ಮುಂಭಾಗದಿಂದ ಕೊಯ್ಯುವ ಪದ್ಧತಿಯಲ್ಲಿ ಅಂಗಾತ ಮಲಗಿಸಿಯೇ ಎರಡನ್ನೂ ಮಾಡಬಹುದಂತೆ.) ಹೀಗೆ "ಎರಡೂ ಒಮ್ಮೆಲೇ" ಎಂದು ಒಳಗೆ ಹೋದವರು ಒಂದೇ ಕೀಲಿನೊಡನೆ ಹೊರಬರುವುದೂ ಉಂಟು. ಅದನ್ನು ಸೋಲೆಂದು ಮನೆಯವರು ಎಣಿಸಬಾರದು. ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವಾಗಲೇ ಈ ಮಾತನ್ನು ಕೇಳಿ ತಿಳಿದುಕೊಂಡಿರಬೇಕು.

ಹುಡುಗನಿಗೆ ಎರಡೂ ಆದುವು. ನಾವು ನಾಲ್ಕು ಗಂಟೆಗಳಿಗೆ ಮೇಲ್ಪಟ್ಟು ಹೊರಗೆ ಕಾದೆವು. ಎರಡು ಬಾಟ್ಲಿ ರಕ್ತ ಕೊಡಬೇಕಾಯಿತು. ಮಾರನೆಯ ದಿನವೇ ಇಬ್ಬರು ಆಚೀಚೆ ಹಿಡಿದು ವಾಕರಿನ ಆಧಾರದಿಂದ ಅವನನ್ನು ನಿಲ್ಲಿಸಿದರು. ಮೊದಲ ಹತ್ತು ದಿನಗಳು ಕಠಿನವಾಗಿದ್ದುವು. ಮೆಟ್ಟಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು ಎಂದು ಫಿಸಿಯೋಥೆರಪಿಯವರು ಪಾಠ ಹೇಳುವುದುಂಟು. "ನನ್ನಲ್ಲಿ ಒಳ್ಳೆಯದು ಯಾವುದು?" ಎಂದು ಅವನು ಕೇಳಿದಾಗ ಆ ಹುಡುಗಿಯೂ ನಕ್ಕುಬಿಟ್ಟಳು. ಹೆಂಡತಿಯೂ ತಮ್ಮನೂ ಹಗಲಿರುಳು ಬಳಿಯಲ್ಲಿದ್ದರು. ಮೂರು ತಿಂಗಳಲ್ಲಿ ಅವನು ಕೆಲಸಕ್ಕೆ ಹೋಗತೊಡಗಿದನು. ಎರಡು ಕಾಲುಗಳೂ ಸಮಸಮವಾಗಿದ್ದುವು. ಒಂದೇ ಅರಿವಳಿಕೆ, ಒಂದೇ ಸಲದ ಆಸ್ಪತ್ರೆವಾಸ, ಒಂದೇ ಸಲದ ರಜೆ. ಕೀಲುಗಳ ಬೆಲೆಯು ಎರಡರದೂ ಎರಡೇ; ಉಳಿತಾಯವಾಗುವುದು ಉಳಿದ ಬಾಬುಗಳಲ್ಲಿ. ಅವನೊಮ್ಮೆ ನನಗೆ ಹೇಳಿದ ಮಾತು ಹಣದ ಲೆಕ್ಕಕ್ಕಿಂತ ದೊಡ್ಡದೆಂದು ನನಗೆ ತೋರುತ್ತದೆ: "ಒಂದನ್ನು ಮಾಡಿ, ಮತ್ತೆ ಬಾ ಎಂದಿದ್ದರೆ ನಾನು ಹೋಗುತ್ತಿರಲಿಲ್ಲ, ದೊಡ್ಡಪ್ಪ."

ಎರಡು ಕೀಲುಗಳೂ ಮಡಿಸಿದಂತೆಯೇ ಬಿಗಿದುಹೋದವರಿಗೆ ಒಮ್ಮೆಲೇ ಮಾಡುವುದರಲ್ಲಿ ಇನ್ನೊಂದು ಲಾಭವೂ ಇದೆ. ಒಂದನ್ನು ಮಾತ್ರ ನೇರಮಾಡಿದರೆ ಇನ್ನೊಂದು ದೇಹವನ್ನು ಮುಂದಕ್ಕೆ ಎಳೆಯುತ್ತಲೇ ಇರುವುದರಿಂದ ನೆಟ್ಟಗೆ ನಿಲ್ಲಲಾಗದು, ಹೊಸ ಕೀಲಿಗೆ ಬೇಕಾದ ವ್ಯಾಯಾಮವೂ ಸರಿಯಾಗಿ ಆಗದು. ಅಂತಹವರ ವಿಷಯದಲ್ಲಿ ವೈದ್ಯರು ಎರಡನ್ನೂ ಒಟ್ಟಿಗೆ ಮಾಡಲು ಮನಸ್ಸು ಮಾಡುವುದು ಸಹಜ.

ಈ ಹುಡುಗನ ನಿದರ್ಶನವೇ ಜಗಲಿಯ ಸಭೆಯಲ್ಲಿ ಎಲ್ಲರ ಬಾಯಲ್ಲಿದ್ದುದು. "ಅವನಿಗೆ ಆಗಲಿಲ್ಲವೇ? ಇವಳಿಗೆ ಏಕಾಗಬಾರದು?" ೩೬ಕ್ಕೂ ೬೮ಕ್ಕೂ ನಡುವೆ ಇರುವ ಅಂತರವು ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಮುಂದಿನ ವಾರ ಅಕ್ಕನನ್ನೂ ಭಾವನನ್ನೂ ಕರೆದುಕೊಂಡು ಶಸ್ತ್ರವೈದ್ಯರಲ್ಲಿಗೆ ಹೋದೆನು. ಅವರು ಕೀಲಿನ ಚಿತ್ರವನ್ನು ನೋಡಿದ್ದು ಸ್ವಲ್ಪ. ಉಳಿದ ಕಾಗದಗಳನ್ನು ನೋಡಿದ್ದೇ ಬಹಳ. ಎಕೋ ಪರೀಕ್ಷೆಯಲ್ಲಿ ಹೃದಯದ ಬಲವು ಸ್ವಲ್ಪ ಕುಗ್ಗಿದೆಯೆಂದು ಬಂದಿತ್ತು. ಹಿಮೋಗ್ಲೋಬಿನ್ ೧೦ಕ್ಕೂ ಕೆಳಗೆ. ಸಕ್ಕರೆಯೂ ಹತೋಟಿಯಲ್ಲಿರಲಿಲ್ಲ. ಅವರು ಕಾಗದಗಳನ್ನು ಮಡಚಿಟ್ಟು, "ಅಮ್ಮ, ನಿಮಗೆ ಎರಡನ್ನೂ ಒಮ್ಮೆಲೇ ಮಾಡಲಿಕ್ಕೆ ನನಗೆ ಧೈರ್ಯವಿಲ್ಲ" ಎಂದರು. ಇಷ್ಟು ನೇರವಾಗಿ ಹೇಳುವ ವೈದ್ಯರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಕಾರಣಗಳನ್ನು ಅವರು ಒಂದೊಂದಾಗಿ ವಿವರಿಸಿದರು. ಒಂದು ಕೀಲಿನ ಕೆಲಸದಲ್ಲಿ ಅರ್ಧ ಲೀಟರಿನಿಂದ ಒಂದು ಲೀಟರಿನ ತನಕ ರಕ್ತವು ಹೋಗಬಹುದು. ಪ್ರಾಯದ ಗಂಡಸಿನ ಮೈಯಲ್ಲಿ ಇರುವುದೇ ಸುಮಾರು ೫ ಲೀಟರು; ಅಕ್ಕನಂತಹ ಸಣ್ಣ ಮೈಯವರಲ್ಲಿ ಇನ್ನೂ ಕಡಿಮೆ. ರಕ್ತಸ್ರಾವವನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧದಿಂದ ಈಗ ಬಹಳ ಪ್ರಯೋಜನವಾಗಿದೆಯಾದರೂ, ಎರಡನ್ನು ಒಟ್ಟಿಗೆ ಮಾಡಿಸಿಕೊಂಡವರಿಗೆ ಬೇರೆಯವರ ರಕ್ತವನ್ನು ಕೊಡಬೇಕಾಗುವ ಸಂಭವವು ಹೆಚ್ಚೇ. ಎರಡನೆಯದಾಗಿ, ಹೊಸ ಕೀಲಿನ ಕಡ್ಡಿಯನ್ನಿಳಿಸಲು ತೊಡೆಯೆಲುಬಿನ ಕೊಳವೆಯನ್ನು ಹೆರೆಯುವಾಗ ಅದರೊಳಗಿನ ಕೊಬ್ಬಿನ ಕಣಗಳು ರಕ್ತನಾಳವನ್ನು ಸೇರಿ ಶ್ವಾಸಕೋಶಕ್ಕೆ ಹೋಗುತ್ತವೆ. ಗಟ್ಟಿ ದೇಹವು ಅದನ್ನು ಅರಗಿಸಿಕೊಳ್ಳುತ್ತದೆ. ಕುಗ್ಗಿದ ಹೃದಯಕ್ಕೆ ಒಂದೇ ಗಳಿಗೆಯಲ್ಲಿ ಎರಡು ಪಾಲು ಬಂದರೆ ತಡೆಯುವುದು ಕಷ್ಟ. ಇನ್ನು ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವ ಭಯವು ಒಂದು ಕೀಲಾದರೂ ಎರಡಾದರೂ ಇದ್ದೇ ಇದೆ. ಅದಕ್ಕಾಗಿ ಶಸ್ತ್ರಕ್ರಿಯೆಯ ಬಳಿಕ ೩೫ ದಿನಗಳ ತನಕ ಔಷಧವನ್ನು ಕೊಡುವುದುಂಟು. ಆರೋಗ್ಯವಂತರನ್ನು ಆಯ್ದು ಎರಡನ್ನೂ ಒಮ್ಮೆಲೇ ಮಾಡಿದರೆ ಒಟ್ಟು ಅಪಾಯವು ಎರಡು ಸಲ ಮಾಡಿಸುವುದಕ್ಕಿಂತ ಹೆಚ್ಚಲ್ಲವೆಂದು ಅನೇಕ ಶಸ್ತ್ರವೈದ್ಯರು ಕಂಡಿದ್ದಾರೆ. ಎಲ್ಲ ಭಾರವೂ ಆ "ಆಯ್ದು" ಎಂಬ ಶಬ್ದದ ಮೇಲಿದೆ.

ಮಸ್ಕತ್ತಿನ ಮಗನು ಫೋನಿನಲ್ಲಿ ಇದನ್ನೆಲ್ಲ ಕೇಳಿ ಬೇಸರಪಟ್ಟನು. "ಹಾಗಾದರೆ ಚೌತಿಗೆ ಬಂದಾಗ ಒಂದನ್ನಾದರೂ ಮಾಡಿ" ಎಂದನು. ವೈದ್ಯರು ಅದಕ್ಕೂ ಒಪ್ಪಲಿಲ್ಲ. ಕಬ್ಬಿಣಾಂಶವನ್ನು ಕೊಟ್ಟು ರಕ್ತವನ್ನು ಹೆಚ್ಚಿಸಬೇಕು, ಸಕ್ಕರೆಯನ್ನು ಇಳಿಸಬೇಕು, ಹುಳುಕುಹಲ್ಲಿದ್ದರೆ ತೆಗೆಸಬೇಕು, ಮೂತ್ರದಲ್ಲಿ ಸೋಂಕಿದ್ದರೆ ಗುಣವಾಗಬೇಕು. ಮೈಯಲ್ಲಿ ಎಲ್ಲಿಯೇ ಕೀವಿದ್ದರೂ ಅದು ಹೊಸ ಕೀಲಿಗೆ ಶತ್ರು. ಇದಕ್ಕೆಲ್ಲ ಆರೇಳು ವಾರಗಳು ಬೇಕು. ಮಗನ ರಜೆಯ ಪಂಚಾಂಗಕ್ಕೂ ತಾಯಿಯ ರಕ್ತದ ಪಂಚಾಂಗಕ್ಕೂ ಹೊಂದಿಕೆಯಾಗಲಿಲ್ಲ. "ಅಷ್ಟು ದೂರದಿಂದ ನಾನು ಇನ್ನೇನು ಮಾಡಲಿ, ಮಾವ?" ಎಂದು ಅವನು ಕೇಳಿದ ಧ್ವನಿಯು ನನ್ನ ಕಿವಿಯಲ್ಲಿ ಇನ್ನೂ ಇದೆ. ಅವನ ಅವಸರವು ಪ್ರೀತಿಯ ಅವಸರವೇ ಆಗಿತ್ತು. ನಮ್ಮ ಊರಿನಲ್ಲಿ ಮಕ್ಕಳು ಕಡಲಾಚೆಯಿರುವ ಮನೆಗಳೆಷ್ಟು! ಆ ಮನೆಗಳಲ್ಲೆಲ್ಲ ಮದುವೆ, ಗೃಹಪ್ರವೇಶ, ಶಸ್ತ್ರಕ್ರಿಯೆ ಎಲ್ಲಕ್ಕೂ ಮುಹೂರ್ತವನ್ನಿಡುವವನು ರಜೆ ಕೊಡುವ ಧಣಿಯೇ.

ಆಗ ಅಕ್ಕನು ಮೊದಲ ಬಾರಿಗೆ ಬಾಯಿ ತೆರೆದಳು. ಆಕೆಯು ಕೇಳಿದ್ದು ಹೃದಯದ ಮಾತನ್ನಲ್ಲ, ರಕ್ತದ ಮಾತನ್ನಲ್ಲ. "ಡಾಕ್ಟ್ರೇ, ರಾತ್ರಿ ಎರಡು ಗಂಟೆಗೆ ನನಗೆ ಬಚ್ಚಲಿಗೆ ಹೋಗಬೇಕಾದರೆ ಯಾವ ಕಾಲಿನ ಮೇಲೆ ಭಾರ ಹಾಕಿ ಏಳಬೇಕು? ಇವರಿಗೆ ೭೫ ಆಯಿತು. ನನ್ನನ್ನು ಹಿಡಿಯಲಿಕ್ಕೆ ಹೋಗಿ ಇವರು ಬಿದ್ದರೆ?"

ವೈದ್ಯರು ನಕ್ಕು, "ಒಂದನ್ನು ಮಾಡಿದರೆ ಇನ್ನೊಂದು ನೋಯುವ ಕಾಲೇ. ಆದರೂ ಅದು ನಿಮಗೆ ಪರಿಚಯದ ಕಾಲು" ಎಂದರು. ಅಕ್ಕನಿಗೆ ಸಮಾಧಾನವಾಯಿತು. ಜಗಲಿಯ ಸಭೆಯಲ್ಲಿ ಎರಡು ಗಂಟೆ ಮಾತಾಡಿದ ನಮ್ಮಲ್ಲಿ ಒಬ್ಬನಿಗೂ ಆ ಬಚ್ಚಲ ದಾರಿಯು ನೆನಪಾಗಿರಲಿಲ್ಲ.

ಆ ದಿನದಿಂದ ನಾನು ಅಕ್ಕನ ಮನೆಯನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದೆನು. ಮಂಗಳೂರಿನ ಮನೆಗಳು ಸಮನೆಲದಲ್ಲಿ ನಿಂತವುಗಳಲ್ಲ. ಒಂದು ದಿಣ್ಣೆ, ಒಂದು ತಗ್ಗು. ರಸ್ತೆಯಿಂದ ಅಕ್ಕನ ಅಂಗಳಕ್ಕಿಳಿಯಲು ೧೪ ಕೆಂಪುಕಲ್ಲಿನ ಮೆಟ್ಟಲುಗಳು. ಮಳೆಗಾಲದಲ್ಲಿ ಅವುಗಳ ಮೇಲೆ ಹಸುರು ಪಾಚಿ. ಬಚ್ಚಲು ಮನೆಯ ಹಿಂಬದಿಗೆ, ಎರಡು ಹೊಸ್ತಿಲುಗಳ ಆಚೆ. ಪಾಯಿಖಾನೆಯು ಕುಕ್ಕುರುಗಾಲಿನಲ್ಲಿ ಕೂರುವಂತಹದು. ಊಟಕ್ಕೆ ಮಣೆ, ಕಾಯಿ ಹೆರೆಯಲು ಮಣೆ, ತರಕಾರಿ ಹೆಚ್ಚಲು ನೆಲದ ಮೇಲಿನ ಕತ್ತಿ, ದೇವರ ಮುಂದೆ ನೆಲದ ಮೇಲೆ ಚಾಪೆ. ಹೊಸ ಕೀಲನ್ನು ಹಿಂಬದಿಯಿಂದ ಕೊಯ್ದು ಇಟ್ಟವರು ಮೊದಲ ಕೆಲವು ವಾರಗಳಲ್ಲಿ ತೊಡೆಯನ್ನು ಲಂಬಕೋನಕ್ಕಿಂತ ಹೆಚ್ಚು ಮಡಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ಮೀರಿದರೆ ಗುಂಡು ಬಟ್ಟಲಿನಿಂದ ಜಾರಬಹುದು. ನಮ್ಮ ಗೃಹಜೀವನವೆಲ್ಲವೂ ಈ ಮೂರು ನಿಷೇಧಗಳನ್ನು ಉಲ್ಲಂಘಿಸುವುದಕ್ಕಾಗಿಯೇ ಏರ್ಪಟ್ಟಂತಿದೆ! ಆದುದರಿಂದ ಆಸ್ಪತ್ರೆಗೆ ಹೋಗುವ ಮುಂಚೆಯೇ ಎತ್ತರದ ಕಮೋಡು, ಕೈ ಊರಲು ಹಿಡಿಯಿರುವ ಎತ್ತರದ ಕುರ್ಚಿ, ಬಚ್ಚಲ ಗೋಡೆಗೆ ಸರಳು, ಹೊಸ್ತಿಲಿಗೆ ಸಣ್ಣ ಇಳಿಜಾರು, ರಾತ್ರಿಯ ದೀಪ ಇವುಗಳನ್ನು ಮಾಡಿಸಿದೆವು. ಮೆಟ್ಟಲುಗಳ ಬದಿಗೆ ಕಬ್ಬಿಣದ ಕೈಪಿಡಿಯನ್ನು ಹಾಕಿಸಿದೆವು. ಶಸ್ತ್ರಕ್ರಿಯೆಯು ಮಳೆ ಬಿಟ್ಟ ಮೇಲೆ ಆಗಲೆಂಬುದು ಭಾವನವರ ಸೂಚನೆ. ಆ ಪಾಚಿಯನ್ನು ನೆನೆದರೆ ಅದು ಸಣ್ಣ ಮಾತಲ್ಲ.

ನವರಾತ್ರಿ ಕಳೆದ ಮೇಲೆ ಎಡಗಡೆಯದು ಆಯಿತು. ಮಗನು ತನ್ನ ರಜೆಯನ್ನು ಎರಡು ಪಾಲು ಮಾಡಿಕೊಂಡು, ಶಸ್ತ್ರಕ್ರಿಯೆಯ ದಿನಕ್ಕಲ್ಲ, ತಾಯಿಯು ಮನೆಗೆ ಬರುವ ದಿನಕ್ಕೆ ಬಂದಿಳಿದನು. ಇದು ವೈದ್ಯರೇ ಕೊಟ್ಟ ಸಲಹೆ. ಆಸ್ಪತ್ರೆಯಲ್ಲಿ ದಾದಿಯರಿರುತ್ತಾರೆ, ಗಟ್ಟಿ ಕೈ ಬೇಕಾಗುವುದು ಮನೆಯಲ್ಲಿ, ಮೊದಲ ಹದಿನೈದು ದಿನಗಳಲ್ಲಿ.

ಬೇರೆಬೇರೆಯಾಗಿ ಮಾಡಿಸುವುದರಲ್ಲಿ ತೊಂದರೆಗಳಿಲ್ಲವೆಂದು ಯಾರೂ ತಿಳಿಯಬಾರದು. ಹೊಸ ಕೀಲು ಹಗುರಾದಂತೆಲ್ಲ ಹಳೆಯದರ ನೋವು ಅಕ್ಕನಿಗೆ ಇಮ್ಮಡಿಯಾಗಿ ತೋರಿತು. ಎಡಗಾಲು ತನ್ನ ಉದ್ದಕ್ಕೆ ಬಂದುದರಿಂದ ಬಲಗಾಲು ಗಿಡ್ಡವೆನಿಸಿ, ಚಮ್ಮಾರನಿಂದ ಆ ಕಾಲಿನ ಚಪ್ಪಲಿಗೆ ದಪ್ಪದ ಅಟ್ಟೆಯನ್ನು ಹಾಕಿಸಬೇಕಾಯಿತು. ಮತ್ತೊಮ್ಮೆ ಅರಿವಳಿಕೆ, ಮತ್ತೊಮ್ಮೆ ರಕ್ತಪರೀಕ್ಷೆ, ಮತ್ತೊಮ್ಮೆ ಬಿ‌ಲ್ಲು. ಜನವರಿಯಲ್ಲಿ ಒಂದು ದಿನ ಆಕೆ, "ಇನ್ನೊಂದು ಬೇಡ, ಇದ್ದ ಹಾಗೆಯೇ ಇರಲಿ" ಎಂದು ಅತ್ತಳು. ಸುರತ್ಕಲ್ಲಿನ ಹುಡುಗನ ಮಾತು ನನಗಾಗ ನೆನಪಿಗೆ ಬಂತು. ಕೆಲವರಿಗೆ ಮೊದಲನೆಯದು ಸರಿಯಾದ ಮೇಲೆ ಎರಡನೆಯದು ಸಹಿಸುವಂತಾಗಿ, ವರ್ಷಗಟ್ಟಲೆ ಮುಂದಕ್ಕೆ ಹೋಗುವುದೂ ಉಂಟಂತೆ. ಅಂತಹವರು ಕಾಯಬಹುದು. ಅಕ್ಕನು ಕಾಯುವ ಸ್ಥಿತಿಯಲ್ಲಿರಲಿಲ್ಲ.

ನಡುವೆ ಎಷ್ಟು ಕಾಲ ಬಿಡಬೇಕೆಂಬುದರಲ್ಲಿ ವೈದ್ಯರೆಲ್ಲರದೂ ಒಂದೇ ಮಾತಲ್ಲ. ಕೆಲವರು ಅದೇ ಆಸ್ಪತ್ರೆವಾಸದಲ್ಲಿ ಕೆಲವು ದಿನಗಳ ಅಂತರದಲ್ಲಿ ಮಾಡುವರು. ಕೆಲವರು ಆರು ವಾರ. ಬಹುಮಂದಿ ಮೂರು ತಿಂಗಳ ಸುಮಾರು. ರಕ್ತವು ಮತ್ತೆ ತುಂಬಿಕೊಳ್ಳಬೇಕು, ಹೆಪ್ಪುಗಟ್ಟುವ ಭಯವು ಇಳಿಯಬೇಕು, ಮೊದಲನೆಯ ಕಾಲು ಭಾರ ಹೊರಲು ಕಲಿಯಬೇಕು. ಅಕ್ಕನಿಗೆ ನಾಲ್ಕು ತಿಂಗಳು ಬಿಟ್ಟು ಫೆಬ್ರವರಿಯಲ್ಲಿ ಬಲಗಡೆಯದಾಯಿತು. ಈ ಸಲ ಆಕೆಗೆ ಹೊಸ ಎಡಗಾಲಿನ ಆಸರೆಯಿತ್ತು. ನಾಲ್ಕನೆಯ ದಿನ ವಾಕರನ್ನು ಹಿಡಿದು ತಾನೇ ಬಚ್ಚಲಿಗೆ ಹೋಗಿಬಂದಳು.

ಕೀಲುಗಳ ಆಯುಸ್ಸಿನ ವಿಷಯವಾಗಿಯೂ ಒಂದು ಮಾತು. ಬಹುದೇಶಗಳ ದಾಖಲೆಗಳನ್ನು ಕೂಡಿಸಿ ೨೦೧೯ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದಂತೆ, ಇಟ್ಟ ಕೀಲುಗಳಲ್ಲಿ ನೂರಕ್ಕೆ ಸುಮಾರು ೫೮ ಕೀಲುಗಳು ೨೫ ವರ್ಷಗಳ ತನಕ ಬಾಳಿವೆ. ಅಕ್ಕನಿಗೆ ಅದು ಸಾಕು. ೩೬ರ ಹುಡುಗನಿಗೆ ಸಾಲದು; ಅವನು ಒಂದು ದಿನ ಮತ್ತೆ ಮಲಗಲೇಬೇಕಾದೀತು, ಆಗ ಎರಡೂ ಕೀಲುಗಳಿಗೆ ಒಂದೇ ವಯಸ್ಸಾಗಿರುತ್ತದೆ. ಇದನ್ನು ಅವನಿಗೆ ಮೊದಲೇ ತಿಳಿಸಿದ್ದರು.

ಕೀಲಿನ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಜೋಪಾನವಾಗಿಡಿರಿ. ಹೆಸರು, ಅಳತೆ, ತಯಾರಾದ ಸಂಖ್ಯೆ ಎಲ್ಲವೂ ಅದರಲ್ಲಿರುತ್ತವೆ. ಒಂದು ವಿದೇಶೀ ಕಂಪೆನಿಯ ಲೋಹದ ಗುಂಡು, ಲೋಹದ ಬಟ್ಟಲಿನ ಸೊಂಟದ ಕೀಲುಗಳಲ್ಲಿ ದೋಷ ಕಂಡುಬಂದು, ೨೦೧೦ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಅವುಗಳನ್ನು ಹಿಂದಕ್ಕೆ ಕರೆಯಲಾಯಿತು. ನಮ್ಮ ದೇಶದಲ್ಲಿ ಸುಮಾರು ೪,೭೦೦ ಶಸ್ತ್ರಕ್ರಿಯೆಗಳಲ್ಲಿ ಅವನ್ನು ಇಟ್ಟಿದ್ದರು. ೨೦೧೮ರಲ್ಲಿ ಪರಿಹಾರವನ್ನು ಗೊತ್ತುಮಾಡುವ ಕಾಲಕ್ಕೆ, ಯಾರ ಮೈಯಲ್ಲಿ ಯಾವ ಕೀಲಿದೆಯೆಂಬುದನ್ನು ಎಲ್ಲರ ವಿಷಯದಲ್ಲಿಯೂ ಪತ್ತೆಹಚ್ಚಲಾಗಲಿಲ್ಲ. ನಮ್ಮ ಭಾವನವರು ಎರಡು ಚೀಟಿಗಳನ್ನೂ ಮನೆಯ ಕಾಗದಪತ್ರಗಳ ಕಟ್ಟಿನಲ್ಲಿ, ತೆರಿಗೆಯ ರಶೀದಿಗಳ ಪಕ್ಕದಲ್ಲಿ ಇರಿಸಿದ್ದಾರೆ.

ಈ ವರ್ಷದ ಆಟಿಯಲ್ಲಿ ಮತ್ತೆ ಅದೇ ಜಗಲಿಯಲ್ಲಿ ಕುಳಿತಿದ್ದೆವು. ಅಕ್ಕನು ಕೈಪಿಡಿಯನ್ನು ಹಿಡಿದು ೧೪ ಮೆಟ್ಟಲುಗಳನ್ನು ಹತ್ತಿ ರಸ್ತೆಯ ತನಕ ಹೋಗಿ ಬಂದಿದ್ದಳು. ಭಾವನವರ ಅಣ್ಣನು, ಎರಡು ಚಪ್ಪರ ಹಾಕಿದ್ದರಿಂದ ಖರ್ಚು ಎಷ್ಟು ಹೆಚ್ಚಾಯಿತೆಂದು ಇನ್ನೂ ಲೆಕ್ಕ ಹೇಳುತ್ತಿದ್ದರು. ಅಕ್ಕನು ಕೇಳಿಸಿಕೊಳ್ಳದವಳಂತೆ ಎತ್ತರದ ಕುರ್ಚಿಯಲ್ಲಿ ಕುಳಿತು ಮೇಜಿನ ಮೇಲೆ ಹಪ್ಪಳ ಒತ್ತುತ್ತಿದ್ದಳು. ಕುಕ್ಕುರುಗಾಲಿನಲ್ಲಿ ಕೂರಬಾರದೆಂಬ ನಿಷೇಧವು ಆಕೆಗೆ ಈಗಲೂ ಇದೆ. ಆದುದರಿಂದ ಕಾಯಿ ಹೆರೆಯುವ ಕೆಲಸವು ಭಾವನವರ ಪಾಲಿಗೇ ಉಳಿದಿದೆ.